ದಿಲ್ ಚಾಹ್ತಾ ಹೈ ಆಲ್ಬಂ ಮತ್ತೆ ಕೇಳ್ದೆ, ಈ ಸಲ ಎರಡೂ ಕಿವೀಲಿ

ಒಂದು ವಾರದಿಂದ ದಿನಾ ರಾತ್ರಿ ಊಟ ಆದ್ಮೇಲೆ ಲೈಟ್ ಆಫ್ ಮಾಡಿ ದಿಲ್ ಚಾಹ್ತಾ ಹೈ ಹಾಡುಗಳನ್ನ ಕೇಳ್ತಾ ಇದೀನಿ. ಪಿಕ್ಚರ್ ನೋಡ್ತಾ ಇಲ್ಲ, ಬರೀ ಹಾಡು. ಇವೆಲ್ಲ ನಂಗೆ ಬಾಯಿಪಾಠ ಅಂತಾನೇ ಅಂದ್ಕೊಂಡಿದ್ದೆ, ಯಾಕಂದ್ರೆ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಹತ್ರ ಇದರ ಕ್ಯಾಸೆಟ್ ಇತ್ತು, ಸುತ್ತಿ ಸುತ್ತಿ ರೀಲ್ ಸವೆಯೋ ತನಕ ಹಾಕಿದ್ವಿ, ಆದ್ರೆ ಆ ಟೇಪ್‌ರೆಕಾರ್ಡರ್‌ನ ಒಂದು ಸ್ಪೀಕರ್ ಕೆಟ್ಟೋಗಿತ್ತು, ಹಂಗಾಗಿ ನಾವು ಇಷ್ಟು ವರ್ಷ ಕೇಳಿದ್ದು ಅರ್ಧ ಆಲ್ಬಂ ಮಾತ್ರ ಅಂತ ಈಗ ಒಂದು ಒಳ್ಳೆ ವೈರ್ಡ್ ಹೆಡ್‌ಫೋನ್ ಹಾಕ್ಕೊಂಡ್ಮೇಲೆ ಗೊತ್ತಾಗಿದ್ದು. ಹಿಂದೆ ನಿಂತು ಹಾಡೋರು, ಗಿಟಾರ್ ಕೆಳಗೆ ಸಣ್ಣಗೆ ಓಡೋ ಇನ್ನೊಂದು ಗಿಟಾರ್, ಇವೆಲ್ಲ ಯಾವಾಗ್ಲೂ ಅಲ್ಲೇ ಇದ್ವು, ನಮಗೆ ಕೇಳಿಸ್ತಾ ಇರ್ಲಿಲ್ಲ ಅಷ್ಟೇ. ಅದಕ್ಕೇ ಬರೀಬೇಕು ಅನ್ನಿಸ್ತು.

ಗೊತ್ತಿಲ್ಲದೋರಿಗೆ ಸ್ವಲ್ಪ ಹಿನ್ನೆಲೆ. ಪಿಕ್ಚರ್ ಬಂದಿದ್ದು 2001ರ ಆಗಸ್ಟ್‌ನಲ್ಲಿ, ಫರ್ಹಾನ್ ಅಖ್ತರ್‌ಗೆ ಆಗ 27 ವರ್ಷ, ಡೈರೆಕ್ಟರ್ ಆಗಿ ಮೊದಲನೇ ಸಿನಿಮಾ. ಮ್ಯೂಸಿಕ್ ಶಂಕರ್-ಎಹ್ಸಾನ್-ಲಾಯ್. ಶಂಕರ್ ಮಹಾದೇವನ್ ಅವ್ರನ್ನ 1998ರ ಬ್ರೆಥ್‌ಲೆಸ್ ಆಲ್ಬಂನಿಂದ ಎಲ್ರೂ ಕೇಳಿದ್ರು, ಎಹ್ಸಾನ್ ಗಿಟಾರ್ ಕೈ, ಲಾಯ್ ಕೀಬೋರ್ಡ್ ಕೈ. ಸಾಹಿತ್ಯ ಜಾವೇದ್ ಅಖ್ತರ್, ಅಂದ್ರೆ ಡೈರೆಕ್ಟರ್ ಅವರ ಅಪ್ಪ. ಮಗನ ವಯಸ್ಸಿನ ಹುಡುಗರ ಬಾಯಲ್ಲಿ ಬರೋ ಮಾತನ್ನ 56 ವರ್ಷದ ಅಪ್ಪ ಬರ್ದಿದಾರೆ ನೋಡಿ, ಮತ್ತೆ ಅದೇ ವರ್ಷ ಅದೇ ಪೆನ್ನಿಂದ ಲಗಾನ್ ಹಾಡುಗಳೂ ಬಂದಿವೆ, ಅಲ್ಲೂ ಆಮೀರ್ ಖಾನೇ ಹೀರೋ. ಒಂದು ಕಡೆ ಮಳೆಗೆ ಕಾಯೋ ಹಳ್ಳಿ, ಇನ್ನೊಂದು ಕಡೆ ಕಾಲೇಜ್ ಮುಗಿಸಿ ಗೋವಾಕ್ಕೆ ಕಾರಲ್ಲಿ ಹೊರಟಿರೋ ಮೂರು ಜನ. ಒಬ್ಬರೇ ಎರಡನ್ನೂ ಬರ್ದಿದ್ದು ಅಂತ ಹೇಳಿದ್ರೆ ನಂಬೋದು ಕಷ್ಟ.

ನನ್ನ ಹಿಂದಿ ಸ್ಕೂಲ್‌ನಲ್ಲಿ ಥರ್ಡ್ ಲ್ಯಾಂಗ್ವೇಜ್ ಆಗಿ ಓದಿದ ಹಿಂದಿ. ಆ ಕಾಲದ ಎಷ್ಟೋ ಹಿಂದಿ ಹಾಡಲ್ಲಿ ಟ್ಯೂನ್ ಹಿಡಿದ್ಕೊಂಡು ಹೋಗ್ತಿದ್ದೆ, ಅರ್ಥ ಅರ್ಧಂಬರ್ಧ. ಈ ಆಲ್ಬಂ ಮಾತ್ರ ಮೊದಲನೇ ಸಲಕ್ಕೇ ಅರ್ಥ ಆಗಿತ್ತು, ಯಾಕೆ ಅಂತ ಈಗ ಹೊಳೀತಾ ಇದೆ. ಇದರಲ್ಲಿ ಯಾರೂ ಘೋಷಣೆ ಮಾಡಲ್ಲ, ಎಲ್ಲ ಮಾತಾಡ್ತಾರೆ. ಫ್ರೆಂಡ್ಸ್ ಕೂತು ಮಾತಾಡಿದ ಹಂಗೆ ಸಾಲು ಶುರು ಆಗುತ್ತೆ, ಮಧ್ಯದಲ್ಲಿ ಇನ್ನೊಬ್ರು ಬಾಯಿ ಹಾಕ್ತಾರೆ, ಒಪ್ಪಲ್ಲ ಅಂತಾರೆ, ಮತ್ತೆ ಮುಂದುವರಿಯುತ್ತೆ. ಯೂತ್ ಆಲ್ಬಂ ಅಂದ್ರೆ ಬೀಟ್ ಜೋರಾಗಿರಬೇಕು ಅಂತ ಎಷ್ಟೋ ಜನ ಮ್ಯೂಸಿಕ್ ಮಾಡ್ತಾರೆ, ಇಲ್ಲಿ ವಯಸ್ಸು ಇರೋದು ಮಾತಿನ ಧಾಟೀಲಿ, ಬೀಟ್ ಅದರ ಹಿಂದೆ ಬರುತ್ತೆ.

ಜಾನೇ ಕ್ಯೂಂ ಹಾಡನ್ನೇ ತಗೊಳ್ಳಿ. ಶುರುವಲ್ಲಿ ಗುಂಯ್ ಅಂತ ಒಂದು ಶ್ರುತಿ ಬರುತ್ತಲ್ಲ, ಅದು ಡಿಜೆರಿಡೂ, ಆಸ್ಟ್ರೇಲಿಯಾದ ಮೂಲನಿವಾಸಿಗಳ ಉದ್ದನೆ ಮರದ ಕೊಳವೆ ವಾದ್ಯ. ಸಿನಿಮಾದಲ್ಲಿ ಹಾಡು ನಡೆಯೋದು ಸಿಡ್ನೀಲಿ, ಅದಕ್ಕೆ ಆ ದೇಶದ ವಾದ್ಯ ತಂದಿದಾರೆ, ಆದ್ರೆ ಅದು ಅಲಂಕಾರಕ್ಕೆ ಅಂತ ಇಟ್ಟ ಹಂಗಿಲ್ಲ, ತಂಬೂರಿ ಥರ ಕೆಳಗೆ ಗಟ್ಟಿಯಾಗಿ ಕೂತ್ಕೊಂಡು ಹಾಡಿಗೆ ನೆಲ ಹಾಕಿ ಕೊಡುತ್ತೆ. ಹಳೇ ಟೇಪ್‌ನಲ್ಲಿ ಇದು ಬರೀ ಗೊರಗೊರ ಅಂತಿತ್ತು, ಈಗ ಆ ಉಸಿರು ಒಳಗೆ ತಿರುಗೋದು ಕೇಳುತ್ತೆ. ಅದರ ಮೇಲೆ ಉದಿತ್ ನಾರಾಯಣ್ ಬರ್ತಾರೆ, ಜನ ಯಾಕಾದ್ರೂ ಪ್ರೀತಿ ಮಾಡ್ತಾರೋ ಅಂತ ಕೇಳ್ತಾರೆ, ಅಲ್ಕಾ ಯಾಗ್ನಿಕ್ ತಣ್ಣಗೆ ಉತ್ತರ ಕೊಡ್ತಾರೆ. ಪೂರ್ತಿ ಹಾಡು ಒಂದು ವಾದ. ಉದಿತ್ ದನೀಲಿ ಯಾವಾಗ್ಲೂ ಒಂದು ನಗು ಇರುತ್ತೆ ಅಂತಾರಲ್ಲ, ಇಲ್ಲಿ ಆ ನಗು ಹುಡುಗನ ಹಠ ಆಗಿದೆ, ತಾನು ಹೇಳ್ತಿರೋದನ್ನ ತಾನೇ ಪೂರ್ತಿ ನಂಬಿಲ್ಲ ಅಂತ ಗೊತ್ತಾಗುತ್ತೆ. ಆ ವರ್ಷದ ನ್ಯಾಷನಲ್ ಅವಾರ್ಡ್ ಅವ್ರಿಗೆ ಲಗಾನ್‌ನ ಮಿತ್ವಾ ಜೊತೆ ಈ ಹಾಡಿಗೂ ಸೇರಿ ಬಂತು, ನಂಗಂತೂ ಇದೇ ಒಂದು ಕೈ ಮೇಲು.

ಕೋಯಿ ಕಹೇ ಹಾಡಲ್ಲಿ ಶಂಕರ್ ಮಹಾದೇವನ್, ಶಾನ್, ಕೆಕೆ ಮೂರೂ ಜನ ಇದಾರೆ, ಮೂರು ಗೆಳೆಯರಿಗೆ ಮೂರು ಗಂಟಲು. ಟೆಕ್ನೋ ಬೀಟ್ ಈಗ ಸ್ವಲ್ಪ ಹಳೇದಾಗಿದೆ, ಅದನ್ನ ಒಪ್ಕೋಬೇಕು, ಆ ಸಿಂಥ್ ಸೌಂಡ್ ಕೇಳಿದ್ ತಕ್ಷಣ ಇಸವಿ ಹೇಳ್ಬಿಡಬಹುದು. ಆದ್ರೆ ಕೆಕೆ ದನಿ ಬಂದ ಕೂಡ್ಲೇ ನಾನು ಸುಮ್ನಾಗ್ಬಿಟ್ಟೆ. 2022ರಲ್ಲಿ ಅವರು ಹೋದ್ಮೇಲೆ ಈ ಹಾಡನ್ನ ಸರಿಯಾಗಿ ಕೂತು ಕೇಳಿದ್ದು ಇದೇ ಮೊದಲು. ಪಾರ್ಟಿ ಹಾಡು ಅಂತ ಕುಣಿಯೋಕೆ ಮಾತ್ರ ಹಾಕ್ತಿದ್ವಿ, ಈ ಸಲ ಕುಣಿಯೋಕೆ ಆಗ್ಲಿಲ್ಲ.

ವೋ ಲಡ್ಕೀ ಹೈ ಕಹಾಂ, ಶಾನ್ ಮತ್ತೆ ಕವಿತಾ ಕೃಷ್ಣಮೂರ್ತಿ. ಪಿಟೀಲು ಐರಿಶ್ ಕುಣಿತದ ಥರ ಓಡುತ್ತೆ, ಖುಷಿ ಆಗುತ್ತೆ. ಪರದೆ ಮೇಲೆ ಬೇರೆ ಬೇರೆ ಕಾಲದ ಹಿಂದಿ ಸಿನಿಮಾ ವೇಷ ಹಾಕಿ ತೋರ್ಸಿದಾರಲ್ಲ, ಅದು ಕಣ್ಣಲ್ಲಿ ಇದ್ರೇನೇ ಇದರ ಪೂರ್ತಿ ಮಜಾ. ಬರೀ ಕಿವಿಗೆ ಮೂರನೇ ದಿನಕ್ಕೆ ಸಾಕು ಅನ್ನಿಸ್ತು.

ಈಗ ನಾನು ಹೇಳಬೇಕು ಅಂತ ಬಂದಿರೋ ಹಾಡು, ಕೈಸಿ ಹೈ ಯೇ ರುತ್. ಟೈಟಲ್ ಸಾಂಗ್ ಗಲಾಟೇಲಿ ಇದನ್ನ ಎಲ್ರೂ ಫಾರ್ವರ್ಡ್ ಮಾಡ್ತಿದ್ರು, ನಾನೂ ಮಾಡಿದೀನಿ, ಆ ವಯಸ್ಸಿಗೆ ತಾಳ್ಮೆ ಇರ್ಲಿಲ್ಲ. ರುತ್ ಅಂದ್ರೆ ನಮ್ಮ ಋತೂನೇ. ಹಾಡಿರೋದು ಶ್ರೀನಿವಾಸ್, ರೆಹಮಾನ್ ಅವರ ತಮಿಳು ಹಾಡುಗಳಲ್ಲಿ ಕೇಳಿದ್ದ ದನಿ. ಮೂರು ಜನರಲ್ಲಿ ಸಿದ್ಧಾರ್ಥ್ ಅನ್ನೋ ಪಾತ್ರ, ಅಕ್ಷಯ್ ಖನ್ನಾ ಮಾಡಿರೋದು, ಚಿತ್ರ ಬರೆಯೋ ಹುಡುಗ, ಕಡಿಮೆ ಮಾತು, ತನಗಿಂತ ತುಂಬಾ ದೊಡ್ಡೋರಾದ ತಾರಾ ಮೇಲೆ ಮನಸ್ಸಾಗುತ್ತೆ, ಅದನ್ನ ಯಾರಿಗೂ ಹೇಳೋಕಾಗಲ್ಲ. ಇಡೀ ಆಲ್ಬಂನಲ್ಲಿ ಎದುರಿಗೆ ಯಾರೂ ಇಲ್ಲದೆ ತನ್ನಷ್ಟಕ್ಕೆ ತಾನೇ ಮಾತಾಡ್ಕೊಳ್ಳೋ ಹಾಡು ಇದು. ಅದಕ್ಕೇ ಇರಬೇಕು ಸಾಹಿತ್ಯಾನೂ ಬೇರೆ ಆಗುತ್ತೆ, ಇಲ್ಲಿ ಜಾವೇದ್ ಸಾಹೇಬ್ರು ಹರಟೆ ಬಿಟ್ಟು ಹೂವು, ಬಣ್ಣ, ಪರಿಮಳ ಅಂತ ಚಿತ್ರ ಬಿಡಿಸ್ತಾ ಹೋಗ್ತಾರೆ, ಚಿತ್ರಗಾರನ ಒಳಗೆ ಹಂಗೇ ತಾನೇ ಯೋಚನೆ ಬರೋದು. ಶ್ರೀನಿವಾಸ್ ಎಲ್ಲೂ ದನಿ ಏರ್ಸಿ ನಮ್ಮನ್ನ ಗೆಲ್ಲೋಕೆ ಹೋಗಲ್ಲ. ಒಂದು ಸಾಲು ಮುಗಿಸಿ ನಿಲ್ತಾರೆ, ಆ ನಿಂತ ಜಾಗದಲ್ಲಿ ವಾದ್ಯಗಳೂ ಆತುರ ಪಡಲ್ಲ. ವಾರದಲ್ಲಿ ಬೇರೆ ಹಾಡೆಲ್ಲ ಎರಡೆರಡು ಸಲ ಕೇಳಿದ್ರೆ ಇದನ್ನ ದಿನಕ್ಕೆ ಮೂರು ಸಲ ಕೇಳಿದೀನಿ.

ತನ್ಹಾಯಿ ಬಗ್ಗೆ ಎಲ್ರೂ ಬರ್ದಿದಾರೆ. ಸೋನು ನಿಗಮ್. ನಮ್ಮಲ್ಲಿ ಸುಮಾರು ಜನ ಅವರನ್ನ ಹತ್ತಿರ ಮಾಡ್ಕೊಂಡಿದ್ದು 2006ರ ಮುಂಗಾರು ಮಳೆ ಆದ್ಮೇಲೆ, ಅಲ್ಲಿ ಅವರು ಮೆತ್ತಗೆ ಜೇನು ಸವರಿದ ಹಂಗೆ ಹಾಡ್ತಾರೆ. ಆ ಸೋನುನ ಮಾತ್ರ ಕೇಳಿದೋರು ಇದನ್ನ ಕೇಳ್ಬೇಕು. ತನ್ಹಾಯಿ ಅಂದ್ರೆ ಒಂಟಿತನ, ಸ್ಕೂಲ್ ಹಿಂದೀಲಿ ಈ ಪದ ಇರ್ಲಿಲ್ಲ, ಆದ್ರೆ ಆ ಒಂದು ಪದಾನ ಅವರು ಎಳೆಯೋ ರೀತಿ ಕೇಳಿದ್ರೆ ಡಿಕ್ಷನರಿ ಬೇಕಾಗಲ್ಲ. ಜಾನೇ ಕ್ಯೂಂನಲ್ಲಿ ಪ್ರೀತಿ ಎಲ್ಲ ಸುಳ್ಳು ಅಂತ ಅಷ್ಟು ಹಠ ಮಾಡಿದ ಆಕಾಶ್‌ಗೇ, ಅಂದ್ರೆ ಆಮೀರ್ ಖಾನ್ ಪಾತ್ರಕ್ಕೇ, ಇದು ಬಂದು ಹೊಡೆಯುತ್ತೆ, ಆ ಎರಡು ಹಾಡನ್ನ ಒಂದರ ಹಿಂದೆ ಒಂದು ಹಾಕ್ಕೊಂಡು ಕೇಳಿ, ಒಬ್ಬನೇ ಮನುಷ್ಯ ಎಷ್ಟು ಬದಲಾದ ಅಂತ ಗೊತ್ತಾಗುತ್ತೆ. ಹಾಡಿರೋರು ಬೇರೆ ಬೇರೆ ಆದ್ರೂ ಅವನೇ ಅಂತ ಅನ್ನಿಸುತ್ತೆ, ಅದು ಮ್ಯೂಸಿಕ್ ಮಾಡಿದೋರ ಕೆಲಸ.

ಒಂದು ಬೇಜಾರು. ನಾನು ದುಡ್ಡು ಕೊಟ್ಟು ತಗೊಂಡಿರೋ ಮ್ಯೂಸಿಕ್ ಆ್ಯಪ್‌ನಲ್ಲಿ ಆಲ್ಬಂ ಮುಗೀತಿದ್ದಂಗೆ ತಾನಾಗೇ ಯಾವುದೋ ರೀಮಿಕ್ಸ್ ಶುರು ಮಾಡ್ಬಿಡುತ್ತೆ. ಕೊನೆಗೆ ಅಂತ ಇಟ್ಕೊಂಡಿದ್ದ ಹಾಡಿಂದ ಸಿಗಬೇಕಾದ ಮೌನ ಪೂರ್ತಿ ಹಾಳಾಗುತ್ತೆ. ಸೆಟ್ಟಿಂಗ್ಸ್‌ಗೆ ಹೋಗಿ ಆಟೋಪ್ಲೇ ತೆಗೆದು ಹಾಕಿ, ಶಫಲ್ ಕೂಡ ಆಫ್ ಮಾಡಿ, ಆಮೇಲೆ ಕೂತ್ಕೊಳ್ಳಿ.

ನಾನು ಕೊನೆಗೆ ಇಟ್ಕೊಂಡಿದ್ದು ಟೈಟಲ್ ಸಾಂಗ್‌ನ ನಿಧಾನದ ವರ್ಷನ್, ರಿಪ್ರೈಸ್. ಮೊದಲನೇದ್ರಲ್ಲಿ ಶಂಕರ್ ಜೊತೆ ಕ್ಲಿಂಟನ್ ಸೆರೆಜೋ ಇದಾರೆ, ಗಿಟಾರ್ ಇದೆ, ಕಾರು ಗೋವಾ ದಾರೀಲಿ ಓಡ್ತಾ ಇದೆ, ಈ ಗೆಳೆತನ ಯಾವತ್ತೂ ಹಿಂಗೇ ಇರ್ಲಿ ಅನ್ನೋ ಆಸೆ. ಎರಡನೇದ್ರಲ್ಲಿ ಅದೇ ಟ್ಯೂನು, ಗತಿ ಇಳಿದಿದೆ, ಗೆಳೆಯರು ಮಾತು ಬಿಟ್ಟಿದಾರೆ. ನಿನ್ನೆ ರಾತ್ರಿ ಅದು ಮುಗಿದ ಮೇಲೆ ಆ ಕ್ಯಾಸೆಟ್ ಇಟ್ಕೊಂಡಿದ್ದ ರೂಮ್‌ಮೇಟ್‌ಗೆ ಮೆಸೇಜ್ ಹಾಕ್ದೆ, ಇನ್ನೊಂದು ಸ್ಪೀಕರ್‌ನಲ್ಲಿ ಏನಿತ್ತು ಅಂತ ಈಗ ಕೇಳ್ದೆ ಕಣೋ ಅಂತ. ಬೆಳಗ್ಗೆ ಎದ್ದಾಗ ಅವನ ಮೂರು ಮಿಸ್ಡ್ ಕಾಲ್ ಇತ್ತು.