ತೋಟದ ಮಬ್ಬಿನಲ್ಲಿ ಫ್ಲ್ಯಾಶೋ, ಅಕ್ಕಿ ಚೀಲವೋ?

ಮಬ್ಬಿನಲ್ಲಿ ಹಕ್ಕಿ ಫೋಟೋ ತೆಗೆಯಲು ಫ್ಲ್ಯಾಶ್ ಹಾಕುವುದೋ, ಕ್ಯಾಮೆರಾ ಅಲುಗದಂತೆ ಅಕ್ಕಿ ಚೀಲದ ಮೇಲಿಡುವುದೋ? ಮೊದಲೇ ಹೇಳಿಬಿಡುತ್ತೇನೆ, ನಾನು ಅಕ್ಕಿ ಚೀಲದ ಕಡೆಯವನು. ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, 2 ಕೆಜಿ ರೇಷನ್ ಅಕ್ಕಿ ತುಂಬಿ, ಎರಡೂ ಬದಿ ಹೊಲಿದದ್ದು. 9,000 ರೂಪಾಯಿ ಕೊಟ್ಟು ತಂದ ಫ್ಲ್ಯಾಶ್ ಈಗ ಕಪಾಟಿನಲ್ಲಿದೆ.

ಶಿರಸಿ ಕಡೆಯ ಅಡಿಕೆ ತೋಟ ಗೊತ್ತಲ್ಲ, ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ತೋಟ. ಮಧ್ಯಾಹ್ನ ನಾಲ್ಕಕ್ಕೇ ಮಬ್ಬು. ಫ್ಲ್ಯಾಶ್ ಬೆಳಕು ಅಲ್ಲಿ ದೂರ ಹೋಗುವುದಿಲ್ಲ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ ಮಾತ್ರ. ಅದಕ್ಕೇ ಫ್ಲ್ಯಾಶಿನ ಮುಂದೆ ಫ್ರೆನೆಲ್ ಹಾಳೆ ಕಟ್ಟುತ್ತಾರೆ. ತೆಳು ಪ್ಲಾಸ್ಟಿಕ್, ಮೈತುಂಬ ಸುತ್ತು ಸುತ್ತು ಗೀರು, ಬೆಳಕನ್ನು ಒಂದೇ ಕಡೆ ಒಟ್ಟುಗೂಡಿಸುತ್ತದೆ. ನಾನೂ ಕಟ್ಟಿದೆ.

ಫೆಬ್ರವರಿಯ ಒಂದು ಬೆಳಿಗ್ಗೆ ತೋಟದಿಂದ ಬಂದವನು ಕ್ಯಾಮೆರಾವನ್ನು ಹಾಗೇ ಅಂಗಳದ ಕಟ್ಟೆ ಮೇಲಿಟ್ಟು ಕಷಾಯ ಕುಡಿಯಲು ಒಳಗೆ ಹೋದೆ. ಅರ್ಧ ಲೋಟ ಆಗಿರಲಿಲ್ಲ. "ತಮಾ, ಎಂತದೋ ಸುಟ್ಟ ವಾಸ್ನೆ ಬತ್ತಾ ಇದ್ದು" ಎಂದಳು ಆಯಿ. ಹಾಲು ನೋಡಿದೆವು, ಒಲೆ ನೋಡಿದೆವು. ಹೊರಗೆ ಬಂದರೆ ಫ್ಲ್ಯಾಶಿನ ಮುಖದಿಂದ ಸಣ್ಣ ಹೊಗೆ! ಹಾಳೆ ಸೂರ್ಯನ ಕಡೆ ತಿರುಗಿತ್ತು. ಭೂತಗನ್ನಡಿಯಲ್ಲಿ ಕಾಗದ ಸುಡುತ್ತಿದ್ದೆವಲ್ಲ, ಅದೇ ಆಟ. ಕಡಲೆ ಗಾತ್ರದ ಕುಳಿ, ಸುತ್ತ ಕರಿ ಅಂಚು.

ವಾರಂಟಿಗೆ ಬರುವುದಿಲ್ಲ ಎಂದರು ಅಂಗಡಿಯವರು. ಬಿಸಿಲಿಗೆ ಬಂದಾಗಲೆಲ್ಲ ಬಟ್ಟೆ ಮುಚ್ಚಬೇಕಂತೆ. ಇದನ್ನು ಕೊಡುವಾಗಲೇ ಹೇಳಬಹುದಿತ್ತು, ಅಲ್ವಾ?

ಸುಟ್ಟ ಮೇಲೂ ಫ್ಲ್ಯಾಶ್ ಉರಿಯುತ್ತದೆ. ಆದರೆ ಕಾಕರಣೆ ಹಕ್ಕಿಯ ಫೋಟೋ ನಡುರಾತ್ರಿಯಲ್ಲಿ ತೆಗೆದಂತೆ ಕಾಣುತ್ತದೆ. ಹಿಂದೆ ಪೂರ್ತಿ ಕಪ್ಪು, ಕಣ್ಣಲ್ಲಿ ಬಿಳಿ ಚುಕ್ಕೆ. ಅದೇ ಹಕ್ಕಿ ಅಕ್ಕಿ ಚೀಲಕ್ಕೆ ಹೇಳಿ ಮಾಡಿಸಿದ್ದು. ಕೂತರೆ ಕೂತೇ ಇರುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200, ಶಟರ್ 1/50 ಸೆಕೆಂಡ್, ಉಸಿರು ಹಿಡಿದು ಹತ್ತು ಒತ್ತಿದರೆ ಮೂರು ಚೂಪಾಗಿ ಬರುತ್ತವೆ. ಸ್ವಲ್ಪ ಕಾಳುಕಾಳು ಇರುತ್ತದೆ, ಇರಲಿ. ಹಿಂದಿನ ಹಸಿರು ಉಳಿಯುತ್ತದೆ.

ಸಿಳ್ಳೆ ಹಾಕುವ ಕರಿನೀಲಿ ಹಕ್ಕಿ ಸಿಳ್ಳಾರದ ವಿಷಯದಲ್ಲಿ ಮಾತ್ರ ಫ್ಲ್ಯಾಶೇ ಗೆದ್ದಿತು. ಮಬ್ಬಿನಲ್ಲಿ ಅದು ಬರೀ ಕರಿ ಮುದ್ದೆ. ಕಡಿಮೆ ಪವರಿನಲ್ಲಿ ಒಮ್ಮೆ ಬೆಳಕು ಬಿಟ್ಟಾಗ ಹಣೆ, ಹೆಗಲ ಮೇಲಿನ ನೀಲಿ ಮಿಂಚಿತು.

ಹಾರುವ ಹಕ್ಕಿಗೆ ಎರಡೂ ದಂಡ. ಗೂಡಿನ ಹತ್ತಿರ, ರಾತ್ರಿ ಕಪ್ಪೆಬಾಯಿ ಎಂಬ ನಿಶಾಚರ ಹಕ್ಕಿಗೆ ಫ್ಲ್ಯಾಶ್ ಹೊಡೆಯುವವರ ಜೊತೆ ನಾನು ಹೋಗುವುದಿಲ್ಲ.

ವಾರಕ್ಕೊಮ್ಮೆ ನಮ್ಮದೇ ತೋಟ ಸುತ್ತುವ ನನಗೆ ಚೀಲ ಸಾಕು. ಮಳೆಗಾಲದಲ್ಲಿ ಅಕ್ಕಿ ಮುಗ್ಗಲು ಹಿಡಿಯುತ್ತದೆ, ಅದೊಂದೇ ತಾಪತ್ರಯ. ಈ ಜೂನಿಗೆ ಹುರುಳಿ ತುಂಬಿ ನೋಡುತ್ತೇನೆ. ಆಯಿ ಇನ್ನೂ ಒಪ್ಪಿಲ್ಲ.