ಮನೆಯಿಂದ ಅಟ್ಟದ ಆಫೀಸಿಗೆ: ನಾಲ್ಕು ತಂತಿ ಎಳೆದು ನೋಡಿದ ಕಥೆ

ಸಾಗರ ತಾಲ್ಲೂಕಿನ ನಮ್ಮ ಮನೆಗೆ ಫೈಬರ್ ಇಂಟರ್ನೆಟ್ ಬಂದಾಗ ಇನ್ನು ತಲೆನೋವಿಲ್ಲ ಅಂದುಕೊಂಡಿದ್ದೆ. ಆದರೆ ನಾನು ಕೆಲಸ ಮಾಡುವುದು ಮನೆಯಲ್ಲಲ್ಲ, ಹಳೇ ಕೊಟ್ಟಿಗೆಯ ಅಟ್ಟದಲ್ಲಿ. ಟೇಪ್ ಹಿಡಿದು ಅಳೆದರೆ 65 ಮೀಟರ್. ನಡುವೆ ಅಂಗಳ, ಬಾವಿ, ಅಡಿಕೆ ತೋಟದ ಒಂದು ಮೂಲೆ. ಕಸುಬು ಮದುವೆ ವಿಡಿಯೊ ಎಡಿಟಿಂಗ್. ಫೂಟೇಜ್ ಎಲ್ಲ ಮನೆಯಲ್ಲಿ ನೆಟ್ವರ್ಕಿಗೆ ಜೋಡಿಸಿದ ಡಿಸ್ಕ್ ಡಬ್ಬಿಯಾದ ನ್ಯಾಸ್‌ನಲ್ಲಿ, ಎಡಿಟ್ ಮಾಡುವ ಕಂಪ್ಯೂಟರ್ ಅಟ್ಟದಲ್ಲಿ. ವೈಫೈ ಅಟ್ಟದವರೆಗೆ ಬರುತ್ತದೆ, ಮನಸ್ಸು ಬಂದಾಗ.

ಹಾಗಾಗಿ ಮೂರು ವರ್ಷದಲ್ಲಿ ನಾಲ್ಕು ದಾರಿ ಹಿಡಿದೆ: ಪವರ್‌ಲೈನ್ ಅಡಾಪ್ಟರ್, ಅಗ್ಗದ ಲ್ಯಾನ್ ಕೇಬಲ್, ಒಳ್ಳೇ ತಾಮ್ರದ ಕೇಬಲ್, ಕೊನೆಗೆ ಫೈಬರ್. ಪ್ರತಿ ಸಲವೂ ಒಂದೇ ಪರೀಕ್ಷೆ. ಮೊದಲು ತಂತಿಯ ವೇಗ ಅಳೆಯುವ ಐಪರ್ಫ್ ಪ್ರೋಗ್ರಾಂ ಓಡಿಸುವುದು, ಆಮೇಲೆ 20 ಜಿಬಿಯ ಅದೇ ಫೈಲನ್ನು ಕಾಪಿಗೆ ಹಾಕಿ ಗಡಿಯಾರ ನೋಡುವುದು.

ಪವರ್‌ಲೈನ್ ವಿಷಯ ಬೇಗ ಮುಗಿಸುತ್ತೇನೆ. ಗೋಡೆಯ ಕರೆಂಟ್ ವೈರಿನಲ್ಲೇ ಡೇಟಾ ಕಳಿಸುವ ಜೋಡಿ ಪ್ಲಗ್ ಇದು. ಡಬ್ಬದ ಮೇಲೆ ದೊಡ್ಡದಾಗಿ 1000 ಎಂಬಿಪಿಎಸ್ ಅಂತ ಬರೆದಿತ್ತು. ಜಗಲಿಯಿಂದ ಅಡುಗೆಮನೆಗೆ 90 ಬಂತು. ಅಟ್ಟಕ್ಕೆ ಹೋದರೆ 14! ನಮ್ಮದು ತ್ರೀ ಫೇಸ್ ಮನೆ. ಅಟ್ಟ ಒಂದು ಫೇಸ್‌ನಲ್ಲಿ, ಜಗಲಿ ಇನ್ನೊಂದರಲ್ಲಿ. ಎಲೆಕ್ಟ್ರಿಷಿಯನ್ ಕರೆಸಿ ಎರಡನ್ನೂ ಒಂದೇ ಫೇಸ್‌ಗೆ ಹಾಕಿಸಿದ ಮೇಲೆ 40ಕ್ಕೆ ಏರಿತು. ಆದರೆ ಬಾವಿ ಪಂಪ್ ಶುರುವಾದರೆ ಮತ್ತೆ ಅರ್ಧ. ಅಮ್ಮ ತೋಟಕ್ಕೆ ನೀರು ಬಿಟ್ಟಿದ್ದಾರೋ ಇಲ್ಲವೋ ಅಂತ ನನಗೆ ಕಾಪಿಯ ಸ್ಪೀಡ್ ನೋಡಿಯೇ ಗೊತ್ತಾಗುತ್ತಿತ್ತು. 20 ಜಿಬಿಗೆ ಒಂದು ಗಂಟೆಗಿಂತ ಜಾಸ್ತಿ. ಗೋಡೆಗೆ ಮೊಳೆ ಹೊಡೆಯಬೇಡಿ ಅನ್ನುವ ಓನರ್ ಇರುವ ಬಾಡಿಗೆ ಮನೆಯಲ್ಲಿ, ಟಿವಿ ನೋಡುವುದಕ್ಕೆ ಆದೀತು. ಎರಡು ಕಟ್ಟಡಕ್ಕೆ ಬೇಡ.

ಎರಡನೆಯದು ಅಗ್ಗದ ಲ್ಯಾನ್ ಕೇಬಲ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದರಲ್ಲಿ ಮೋಸ ಹೋಗುವವರೇ ಹೆಚ್ಚು. 305 ಮೀಟರಿನ ಡಬ್ಬ, ಮೇಲೆ ಕ್ಯಾಟ್ 6 (ಕೇಬಲಿನ ದರ್ಜೆ) ಅಂತ ಪ್ರಿಂಟು, ಬೆಲೆ ಮಾತ್ರ ಬೇರೆಯದರ ಅರ್ಧಕ್ಕಿಂತ ಕಮ್ಮಿ. ಅಂಗಡಿಯವರು 'ಕಾಪರ್ರೇ ಸಾರ್' ಅಂದರು. ಪೂರ್ತಿ ಸುಳ್ಳಲ್ಲ. ಅಲ್ಯೂಮಿನಿಯಂ ತಂತಿಗೆ ಮೇಲಿಂದ ತಾಮ್ರದ ತೆಳು ಲೇಪ ಇರುತ್ತದೆ. ಇದಕ್ಕೆ ಸಿಸಿಎ ಅನ್ನುತ್ತಾರೆ. ಎಳೆದ ಮೊದಲ ವಾರ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್, ಸಿಕ್ಕಿತು, ಖುಷಿಯಾದೆ. ಆಮೇಲೊಂದು ದಿನ ಕಾಪಿ ಸುಮ್ನೆ ಮಲಗಿತು. ನೋಡಿದರೆ ಲಿಂಕ್ 100ಕ್ಕೆ ಇಳಿದಿದೆ.

ಇದು ಯಾಕಾಗುತ್ತದೆ ಅಂದರೆ, ಕೇಬಲ್ ಒಳಗೆ ನಾಲ್ಕು ಜೋಡಿ ಎಳೆ ಇರುತ್ತವೆ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ಉಳಿದೆರಡರಲ್ಲಿ ಒಂದೇ ಒಂದು ಎಳೆ ಕೈಕೊಟ್ಟರೂ ಎರಡೂ ತುದಿಯ ಯಂತ್ರಗಳು ಮಾತಾಡಿಕೊಂಡು 100ಕ್ಕೆ ಇಳಿಯುತ್ತವೆ. ಇಂಟರ್ನೆಟ್ ಬರುತ್ತಲೇ ಇರುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ನನ್ನ 20 ಜಿಬಿ ಮೂರು ನಿಮಿಷದ ಬದಲು ಅರ್ಧ ಗಂಟೆ ತೆಗೆದುಕೊಂಡಿದ್ದರಿಂದ ಗೊತ್ತಾಯಿತು. ಮೂರು ಸಲ ತುದಿಯ ಪ್ಲಗ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದೆ. ಮೂರನೇ ಸಲ ಕಂದು ಬಣ್ಣದ ಎಳೆ ಬೆರಳಲ್ಲೇ ಪಟ್ ಅಂತ ಮುರಿಯಿತು. ಬ್ಲೇಡಿನಲ್ಲಿ ಕೆರೆದು ನೋಡಿದೆ. ಒಳಗೆ ಬೆಳ್ಳಗೆ. ಅದೇ ಡಬ್ಬದ ಕೇಬಲ್‌ನಲ್ಲಿ ಗೇಟಿನ ಕ್ಯಾಮೆರಾಗೆ ಕರೆಂಟೂ ಕಳಿಸಿದ್ದೆ. ಹಗಲಿಡೀ ಸರಿ ಇರುತ್ತಿತ್ತು. ಕತ್ತಲಾಗಿ ಅದರ ರಾತ್ರಿ ದೀಪ ಹತ್ತಿದ ಕೂಡಲೇ ರೀಸ್ಟಾರ್ಟ್. ಅಲ್ಯೂಮಿನಿಯಂನಲ್ಲಿ ಪ್ರತಿರೋಧ ಜಾಸ್ತಿ, ಹಾಗಾಗಿ ದೂರದ ತುದಿಗೆ ವೋಲ್ಟೇಜ್ ಸಾಲುತ್ತಿರಲಿಲ್ಲ. ಆ ಕ್ಯಾಮೆರಾವನ್ನು ತಿಂಗಳಿಡೀ ಬೈದಿದ್ದೆ, ಪಾಪ.

ಮೂರನೆಯದನ್ನು, ಅಂದರೆ ಒಳ್ಳೇ ತಾಮ್ರದ ಕೇಬಲನ್ನು, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌.ಪಿ. ರೋಡಿಗೆ ಹೋದಾಗ ತಂದೆ. ಈ ಸಲ ತುದಿ ಕತ್ತರಿಸಿ, ಕೆರೆದು ನೋಡಿಯೇ ದುಡ್ಡು ಕೊಟ್ಟೆ. ಡಬ್ಬ ಎತ್ತಿದರೇ ಗೊತ್ತಾಗುತ್ತದೆ, ತಾಮ್ರದ್ದು ಕೈ ಜಗ್ಗುತ್ತದೆ. ಅಲ್ಲಿ ಕ್ಯಾಟ್ 5ಇ, 6, 6ಎ ಮೂರೂ ಇದ್ದವು. 5ಇ ಅಂದರೆ ಹಳೇದು ಅಂತ ಮೂಗು ಮುರಿಯುವವರಿದ್ದಾರೆ. ಆದರೆ ಗಿಗಾಬಿಟ್ ಅದರಲ್ಲಿ 100 ಮೀಟರ್ ಆರಾಮಾಗಿ ಓಡುತ್ತದೆ. 2016ರಲ್ಲಿ 2.5 ಗಿಗಾಬಿಟ್‌ನ ಮಾನದಂಡ ತಂದದ್ದೇ ಗೋಡೆಯೊಳಗಿನ ಹಳೇ 5ಇ ಕೇಬಲ್ ಕೀಳಿಸಬಾರದು ಅಂತ. ಆದ್ದರಿಂದ ಈಗಾಗಲೇ ಒಳ್ಳೇ 5ಇ ಹಾಕಿಸಿದ್ದರೆ ಮುಟ್ಟಲೇಬೇಡಿ. ಹೊಸದಾಗಿ ಹಾಕಿಸುವುದಾದರೆ ಕ್ಯಾಟ್ 6. ಅದರಲ್ಲಿ 10 ಗಿಗಾಬಿಟ್ ಹೆಚ್ಚೆಂದರೆ 55 ಮೀಟರ್ ಓಡೀತು. ಪೂರ್ತಿ 100 ಮೀಟರ್ ಬೇಕಿದ್ದರೆ 6ಎ. ಅದರದೊಂದು ತುಂಡು ತಂದು ನೋಡಿದೆ. ದಪ್ಪ, ಮೊಂಡು, ಪೈಪಿನ ತಿರುವಿನಲ್ಲಿ ಹಠ ಹಿಡಿದ ಕರುವಿನ ಹಾಗೆ ನಿಂತೇ ಬಿಡುತ್ತದೆ. ಮನೆಗೆ ಅದು ಅತಿಯಾಯಿತು.

ಕ್ಯಾಟ್ 6 ಎಳೆದ ದಿನ ಐಪರ್ಫ್ 941 ತೋರಿಸಿತು. ಗಿಗಾಬಿಟ್‌ನಲ್ಲಿ ಅದಕ್ಕಿಂತ ಮೇಲೆ ಹೋಗಲು ಜಾಗವೇ ಇಲ್ಲ. 20 ಜಿಬಿ ಮೂರು ನಿಮಿಷದಲ್ಲಿ ಬಂತು. ಎಂಟು ತಿಂಗಳು ಅದರ ಕಡೆ ತಿರುಗಿ ನೋಡಲಿಲ್ಲ.

ಆಮೇಲೆ ಏಪ್ರಿಲ್ ಬಂತು. ಮಳೆಗಾಲಕ್ಕೆ ಮುಂಚಿನ ಮಲೆನಾಡಿನ ಗುಡುಗು ಗೊತ್ತಲ್ವಾ? ಗುಡುಗಿದರೆ ಪ್ಲಗ್ ಕೀಳುವುದು ನಮ್ಮಲ್ಲಿ ಮಕ್ಕಳಿಗೂ ಅಭ್ಯಾಸ. ಎಲ್ಲ ಕಿತ್ತಿದ್ದೆವು. ಲ್ಯಾನ್ ಕೇಬಲ್ ಮಾತ್ರ ಯಾರೂ ಕೀಳಲಿಲ್ಲ. ತೋಟದ ಆಚೆ ಎಲ್ಲೋ ಸಿಡಿಲು ಬಡಿಯಿತು, ಮನೆಗಲ್ಲ. ಬೆಳಿಗ್ಗೆ ರೂಟರ್ ಸತ್ತಿತ್ತು, ಲ್ಯಾನ್ ಕೇಬಲುಗಳನ್ನು ಕೂಡಿಸುವ ನೆಟ್ವರ್ಕ್ ಸ್ವಿಚ್ ಸತ್ತಿತ್ತು, ಕಂಪ್ಯೂಟರಿನ ಲ್ಯಾನ್ ಪೋರ್ಟ್ ಕೂಡ. ಹತ್ತಿರದಲ್ಲಿ ಸಿಡಿಲು ಬಡಿದಾಗ ಉದ್ದದ ತಂತಿಯಲ್ಲಿ ತಾನಾಗಿಯೇ ವೋಲ್ಟೇಜ್ ಏಳುತ್ತದೆ. ಜೊತೆಗೆ ಎರಡು ಕಟ್ಟಡದ ನೆಲದ ವೋಲ್ಟೇಜ್ ಆ ಕ್ಷಣಕ್ಕೆ ಬೇರೆಬೇರೆಯಾಗುತ್ತದೆ. ನಡುವೆ ತಾಮ್ರದ ತಂತಿ ಇದ್ದರೆ ಕರೆಂಟಿಗೆ ಅದೇ ಸೇತುವೆ. ಲ್ಯಾನ್‌ಗೆ ಹಾಕುವ ಸರ್ಜ್ ಪ್ರೊಟೆಕ್ಟರ್ ಸಿಗುತ್ತದೆ, ಆದರೆ ಅದಕ್ಕೆ ಎರಡೂ ಕಡೆ ಗಟ್ಟಿ ಅರ್ಥಿಂಗ್ ಬೇಕು. ಬೇಸಗೆಯಲ್ಲಿ ಒಣಗಿದ ಜಂಬಿಟ್ಟಿಗೆ ನೆಲದಲ್ಲಿ ಗಟ್ಟಿ ಅರ್ಥಿಂಗ್ ಎಲ್ಲಿಂದ ತರೋಣ?

ಕೊನೆಗೆ ಫೈಬರ್. ಇದು ದೊಡ್ಡ ಕಂಪನಿಗಳ ಸಾಮಾನು, ದುಬಾರಿ ಅಂತ ಮೂರು ವರ್ಷ ದೂರ ಇಟ್ಟಿದ್ದೆ. ಇಂಟರ್ನೆಟ್‌ನವರು ಮನೆಮನೆಗೆ ಎಳೆಯುತ್ತಾರಲ್ಲ, ಅದೇ ಕಪ್ಪು ಡ್ರಾಪ್ ಕೇಬಲ್ ತಂದೆ. ಮೀಟರ್ ಲೆಕ್ಕದಲ್ಲಿ ತಾಮ್ರಕ್ಕಿಂತ ಅಗ್ಗ! ಎರಡು ತುದಿಗೆ ಒಂದೊಂದು ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ಲ್ಯಾನ್ ಸಿಗ್ನಲನ್ನು ಬೆಳಕಾಗಿ, ಬೆಳಕನ್ನು ಲ್ಯಾನ್ ಸಿಗ್ನಲಾಗಿ ಬದಲಿಸುವ ಡಬ್ಬಿ) ಬೇಕು, ಅಷ್ಟೇ. ಡ್ರಾಪ್ ಕೇಬಲ್ ಜೊತೆಗೇ ಒಂದು ಉಕ್ಕಿನ ತಂತಿ ಬರುತ್ತದೆ. ಅದನ್ನು ಕಟ್ಟಡದ ಹೊರಗೇ ಕತ್ತರಿಸಿಬಿಡಿ, ಇಲ್ಲದಿದ್ದರೆ ಸಿಡಿಲಿಗೆ ಮತ್ತೆ ಲೋಹದ ದಾರಿ ಕೊಟ್ಟ ಹಾಗೆ. ಮರದಿಂದ ಮರಕ್ಕೆ ಕಟ್ಟಬೇಡಿ. ಅಡಿಕೆ ಸೋಗೆ ಬಿದ್ದರೆ ಹರಿದುಕೊಂಡು ಹೋಗುತ್ತದೆ. ನಾನು ಒಂದೂವರೆ ಅಡಿ ಆಳಕ್ಕೆ ನೀರಿನ ಕಪ್ಪು ಪೈಪ್ ಹೂತು ಅದರೊಳಗೆ ಎಳೆದೆ.

ಇಲ್ಲೂ ಎರಡು ಎಡವಟ್ಟಾಯಿತು. ಮೊದಲನೆಯದು ನನ್ನದೇ. ಒಂದೇ ಎಳೆಯಲ್ಲಿ ಹೋಗಿಬರುವ ಕನ್ವರ್ಟರ್‌ಗಳು ಎ ಮತ್ತು ಬಿ ಅಂತ ಜೋಡಿಯಾಗಿ ಬರುತ್ತವೆ. ಒಂದು 1310 ನ್ಯಾನೊಮೀಟರ್ ಬೆಳಕು ಕಳಿಸಿ 1550 ಕೇಳಿಸಿಕೊಳ್ಳುತ್ತದೆ, ಇನ್ನೊಂದು ಅದರ ಉಲ್ಟಾ. ನಾನು ಎರಡೂ ಎ ತರಿಸಿದ್ದೆ. ಇಬ್ಬರೂ ಮಾತಾಡುವವರೇ, ಕೇಳುವವರಿಲ್ಲ. ಬಿ ಬರಲು ಒಂದು ವಾರ. ಎರಡನೆಯದು, ಸ್ಪ್ಲೈಸ್ ಮಾಡಲು, ಅಂದರೆ ಫೈಬರಿನ ತುದಿ ಬೆಸೆಯಲು, ಬಂದ ಹುಡುಗ ಅಭ್ಯಾಸಬಲದಿಂದ ಹಸಿರು ಕನೆಕ್ಟರ್ ಹಾಕಿಬಿಟ್ಟ. ಇಂಟರ್ನೆಟ್ ಡಬ್ಬಿಗೆ ಹಸಿರು ಸರಿ, ಅದರ ತುದಿ ಸ್ವಲ್ಪ ಓರೆ. ಕನ್ವರ್ಟರ್‌ನದು ನೀಲಿ, ನೇರ ತುದಿ. ಹಸಿರನ್ನು ಇದರಲ್ಲಿ ತುರುಕಿದರೆ ಕೂರುತ್ತದೆ, ದೀಪವೂ ಆಗಾಗ ಮಿನುಗುತ್ತದೆ, ಆದರೆ ತುದಿಗೆ ತುದಿ ಮುಟ್ಟುವುದಿಲ್ಲ. ನೀಲಿ ಹಾಕಿಸಿದ ಕೂಡಲೇ ಲಿಂಕ್ ನಿಂತಿತು. ಐಪರ್ಫ್‌ನಲ್ಲಿ ಮತ್ತೆ 941, ಫೈಲ್ ಮತ್ತೆ ಮೂರು ನಿಮಿಷ. ವೇಗದಲ್ಲಿ ತಾಮ್ರಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ನಾಳೆ 10 ಗಿಗಾಬಿಟ್ ಬೇಕೆನಿಸಿದರೆ ತುದಿಯ ಡಬ್ಬಿಗಳನ್ನಷ್ಟೇ ಬದಲಾಯಿಸಬೇಕು, ನೆಲ ಅಗೆಯಬೇಕಿಲ್ಲ.

ಫೈಬರಿನ ದೋಷವನ್ನೂ ಹೇಳಬೇಕು. ಹೋದ ವರ್ಷ ಅಡಿಕೆ ಬುಡ ಬಿಡಿಸುವಾಗ ಪೈಪ್ ಮೇಲೆದ್ದ ಒಂದು ಕಡೆ ಗುದ್ದಲಿ ಏಟು ಬಿತ್ತು. ತಾಮ್ರವಾಗಿದ್ದರೆ ನಾನೇ ಹತ್ತು ನಿಮಿಷದಲ್ಲಿ ಏನಾದರೂ ಜೋಡಿಸುತ್ತಿದ್ದೆ. ಇದಕ್ಕೆ ಮೆಷಿನ್ ಹಿಡಿದು ಆ ಹುಡುಗನೇ ಬರಬೇಕು. ಎರಡು ದಿನ ಕಾದೆ. ಮುಂದಾಲೋಚನೆಯಿಂದ ಒಂದು ಹೋದರೆ ಇನ್ನೊಂದಿರಲಿ ಅಂತ ಎರಡು ಎಳೆಯ ಕೇಬಲ್ ಹಾಕಿದ್ದೆ. ಗುದ್ದಲಿಗೆ ಒಂದಾದರೇನು, ಎರಡಾದರೇನು?

ಸ್ವಿಚ್ ಬಗ್ಗೆ ಎರಡು ಮಾತು. ಗಿಗಾಬಿಟ್‌ನ ಐದು ಪೋರ್ಟಿನ, ಫ್ಯಾನ್ ಇಲ್ಲದ ಲೋಹದ ಡಬ್ಬಿ ಸಾಕು. ಯಾವ ಕಂಪನಿಯದಾದರೂ ಕೆಲಸದಲ್ಲಿ ಹೆಚ್ಚು ಫರಕ್ಕಿಲ್ಲ. ಅಟ್ಟದಲ್ಲಿ ಬ್ಯಾಕಪ್ ಡಬ್ಬಿಗೂ ಕಂಪ್ಯೂಟರಿಗೂ ನಡುವೆ 2.5 ಗಿಗಾಬಿಟ್ ಸ್ವಿಚ್ ಹಾಕಿ ನೋಡಿದೆ. ಐಪರ್ಫ್ 2350 ತೋರಿಸಿತು, ಫೈಲ್ ಮಾತ್ರ 1 ನಿಮಿಷ 50 ಸೆಕೆಂಡಿಗೆ ನಿಂತಿತು. ತಂತಿ ಖಾಲಿ ಇದೆ, ಹಾರ್ಡ್ ಡಿಸ್ಕೇ ಸೆಕೆಂಡಿಗೆ 180 ಎಂಬಿಗಿಂತ ಜಾಸ್ತಿ ಬರೆಯಲಾರದು. ಎಸ್‌ಎಸ್‌ಡಿಗೆ ಹಾಕಿದಾಗ 1 ನಿಮಿಷ 12 ಸೆಕೆಂಡಿಗೆ ಇಳಿಯಿತು. ಹಾಗಾಗಿ ಮೊದಲು ಡಿಸ್ಕ್ ನೋಡಿ, ಆಮೇಲೆ ಸ್ವಿಚ್. ಇಂಟರ್ನೆಟ್ ಪ್ಲಾನ್ 300 ಎಂಬಿಪಿಎಸ್ ಇದ್ದು, ಮನೆಯೊಳಗೆ ದೊಡ್ಡ ಫೈಲ್ ಓಡಾಡದಿದ್ದರೆ 2.5 ಗಿಗಾಬಿಟ್ ಸುಮ್ನೆ ಖರ್ಚು. ಅದಕ್ಕಿಂತ ರೂಟರಿನ ಲ್ಯಾನ್ ಪೋರ್ಟ್ ನಿಜವಾಗಿ ಗಿಗಾಬಿಟ್ಟೇ ಅಂತ ನೋಡಿಕೊಳ್ಳಿ. ವೈಫೈಗೆ ದೊಡ್ಡ ಸಂಖ್ಯೆ ಬರೆದು ಲ್ಯಾನ್‌ಗೆ 100ರ ಪೋರ್ಟ್ ಕೊಡುವ ರೂಟರ್‌ಗಳು ಅಂಗಡಿಯಲ್ಲಿ ಇನ್ನೂ ಇವೆ.

ಮನೆಯೊಳಗೆ, ಒಂದೇ ಸೂರಿನ ಕೆಳಗೆ, ಈಗಲೂ ಎಸ್‌.ಪಿ. ರೋಡಿನ ಆ ತಾಮ್ರವೇ ಇದೆ. ಅಂಗಳ ದಾಟುವುದು ಮಾತ್ರ ಫೈಬರ್. ಗುಡುಗಿದಾಗ ಈಗಲೂ ಪ್ಲಗ್ ಕೀಳುತ್ತೇವೆ. ಸಿಸಿಎ ಡಬ್ಬದಲ್ಲಿ ಉಳಿದಿದ್ದ ಇನ್ನೂರು ಮೀಟರನ್ನು ಅಮ್ಮ ಬಸಳೆ ಚಪ್ಪರ ಕಟ್ಟುವುದಕ್ಕೆ ತೆಗೆದುಕೊಂಡರು. ಅಲ್ಲೂ ಎರಡು ಕಡೆ ತುಂಡಾಗಿದೆಯಂತೆ.