ನ್ಯಾಯಸ್ಥಾಪಕರ ಕಾಲದ ಗೋಡೆ ನಕ್ಷೆ: ಮೂರು ನಕ್ಷತ್ರ

ಬೈಬಲಿನ ನ್ಯಾಯಸ್ಥಾಪಕರ ಕಾಲ, ಅಂದರೆ ಇಸ್ರಾಯೇಲಿಗೆ ಅರಸರು ಬರುವ ಮೊದಲಿನ ಕಾಲವನ್ನು ತೋರಿಸುವ ಈ ನಕ್ಷೆಯನ್ನು ಭಾನುವಾರದ ಮಕ್ಕಳ ತರಗತಿಗೆಂದು ತರಿಸಿದೆ. ಮೊದಲು ನೋಡಿದ್ದು ಬಣ್ಣವನ್ನಲ್ಲ, ಎತ್ತರವನ್ನು. ಬೆಟ್ಟಸೀಮೆಗೆ ಕಂದು, ಬಯಲಿಗೆ ಹಸಿರು. ಇಸ್ರಾಯೇಲಿನ ಕುಲಗಳಲ್ಲೊಂದಾದ ಯೆಹೂದ ಕುಲದವರು ಬೆಟ್ಟವನ್ನು ಹಿಡಿದರೂ ಕಬ್ಬಿಣದ ರಥಗಳಿದ್ದ ತಗ್ಗಿನವರನ್ನು ಹೊರಡಿಸಲಾಗಲಿಲ್ಲ ಎಂಬ ಮಾತನ್ನು ಹತ್ತು ವರ್ಷ ಬಾಯಲ್ಲೇ ಹೇಳಿದ್ದೆ. ಇಲ್ಲಿ ಬೆರಳಿಟ್ಟು ತೋರಿಸಬಹುದು. ಕಾನಾನ್ಯರ ಸೇನಾಪತಿ ಸೀಸೆರನ 900 ರಥಗಳು ಉಕ್ಕಿ ಹರಿದ ಕೀಷೋನ್ ಹೊಳೆಯ ಬಳಿ ಏಕೆ ಕೆಲಸಕ್ಕೆ ಬಾರಲಿಲ್ಲ ಎಂಬುದೂ ಮಕ್ಕಳಿಗೆ ತಾನಾಗಿ ಹೊಳೆಯಿತು. ಕರಾವಳಿಯ ಶತ್ರುಗಳಾದ ಫಿಲಿಷ್ಟಿಯರ ಐದು ಪಟ್ಟಣಗಳೂ, ಪೂರ್ವದಿಂದ ದಾಳಿಯಿಟ್ಟ ಮಿದ್ಯಾನ್ಯರು ಯೊರ್ದನ್ ನದಿ ದಾಟಿ ಬಂದ ದಾರಿಯೂ ಸ್ಪಷ್ಟವಾಗಿವೆ.

ಆದರೆ ದಾನ್ ಕುಲವನ್ನು, ಅವರು ಆಮೇಲೆ ಹೋಗಿ ನೆಲೆಸಿದ ಉತ್ತರದ ಲಯಿಷ್ ಪಟ್ಟಣದಲ್ಲಿ ಮಾತ್ರ ಬರೆದಿದ್ದಾರೆ. ಅವರ ಮೊದಲ ಪಾಲು ಫಿಲಿಷ್ಟಿಯರ ಮಗ್ಗುಲಲ್ಲಿತ್ತಲ್ಲ! ಅದಿಲ್ಲದೆ ಫಿಲಿಷ್ಟಿಯರೊಡನೆ ಕಾದಾಡಿದ ದಾನ್ ಕುಲದ ಬಲಶಾಲಿ ಸಂಸೋನನ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಪೆನ್ಸಿಲಿನಿಂದ ನಾನೇ ಬರೆದೆ. ಹೊಳಪು ಕಾಗದ, ಎರಡು ಸಲ ಅಳಿಸಿಹೋಯಿತು.

ಮೂಲೆಯಲ್ಲಿ ಈಜಿಪ್ಟಿನ ಅರಸ ಮೆರ್ನೆಪ್ತಾನ ಶಿಲಾಶಾಸನದ ಚಿತ್ರವಿದೆ. ಇಸ್ರಾಯೇಲ್ ಎಂಬ ಹೆಸರು ಕ್ರಿ.ಪೂ. 13ನೆಯ ಶತಮಾನದ ಕೊನೆಯಲ್ಲೇ ಈಜಿಪ್ಟಿನ ಕಲ್ಲಿನ ಮೇಲಿತ್ತೆಂದು ತಿಳಿದ ಹುಡುಗನೊಬ್ಬ ಅಲ್ಲಿಂದ ಕದಲಲೇ ಇಲ್ಲ. ಅಕ್ಷರ ಮಾತ್ರ ತೀರಾ ಸಣ್ಣದು, ನನಗೆ ಕನ್ನಡಕ ಬೇಕಾಯಿತು.